ಮುಳ್ಳು ಬಾದಾಮಿಯ ಬೀಜ ಮೊಳೆಸುವುದು ಹೇಗೆ?

ಬಾದಾಮಿ ಎಂಬ ಹೆಸರು ನಮಗೆ ಬಂದದ್ದು ಪಾರಸಿಯಿಂದ. ಆ ಪಾರಸಿಯ ನಾಡಾದ ಇರಾನಿನಲ್ಲಿ, ಝಾಗ್ರೋಸ್ ಬೆಟ್ಟಗಳ ಒಣ ಇಳಿಜಾರಿನಲ್ಲಿ ಬಾದಾಮಿಯ ಒಂದು ಕಾಡು ನೆಂಟ ಇದೆ. ಅಲ್ಲಿಯವರು ತಂಗ್ರಸ್ ಎನ್ನುತ್ತಾರೆ. ಕಿರುಕೊಂಬೆಗಳ ತುದಿಯೇ ಮುಳ್ಳು. ನಮ್ಮ ರಸ್ತೆಬದಿಯ ಅಗಲ ಎಲೆಯ ಕಾಡು ಬಾದಾಮಿ ಬೇರೆಯೇ ಮರ.

ಮೇಕೆ, ಕುರಿ ಮೇದು ಬೋಳಾದ ಗುಡ್ಡಕ್ಕೆ ಇಂಥ ಪೊದೆಯೇ ಬೇಕು. ಬೇರು ಮಣ್ಣು ಹಿಡಿಯುತ್ತದೆ. ಮುಳ್ಳಿನ ಮರೆಯಲ್ಲಿ ಬೇರೆ ಸಸಿಗಳೂ ಬದುಕಿಕೊಳ್ಳುತ್ತವೆ.

ಮೊದಲು ಬೀಜ. ಬೇಸಿಗೆಯಲ್ಲಿ ಕಾಯಿಯ ಸಿಪ್ಪೆ ಒಣಗಿ ಬಿರಿದಾಗ ಆರಿಸಿ. ಎಲ್ಲವನ್ನೂ ಬಳಿಯಬೇಡಿ, ಗುಡ್ಡಕ್ಕೂ ಸ್ವಲ್ಪ ಉಳಿಯಲಿ. ನೀರಿಗೆ ಹಾಕಿದಾಗ ತೇಲಿದ್ದು ಹೆಚ್ಚಾಗಿ ಜೊಳ್ಳು. ರುಚಿ ನೋಡಲು ಮಾತ್ರ ಹೋಗಬೇಡಿ! ಈ ಕಹಿ ಬೀಜವನ್ನು ಜಗಿದರೆ ಸೈನೈಡ್ ಹುಟ್ಟುತ್ತದೆ. ತೋಟದ ಬಾದಾಮಿ ಸಿಹಿಯಾದದ್ದು ಒಂದು ಜೀನ್‌ನಲ್ಲಾದ ಸಣ್ಣ ಬದಲಾವಣೆಯಿಂದ ಎಂದು 2019ರಲ್ಲಿ ವಿಜ್ಞಾನಿಗಳು ತೋರಿಸಿದರು.

ಇನ್ನು ಚಳಿ. ಇದೇ ಮುಖ್ಯ ಕೆಲಸ. ಬೆಟ್ಟದಲ್ಲಿ ಶರತ್ಕಾಲದ ಮೊದಲ ಮಳೆಗೇ ಮೊಳೆತರೆ, ಹಿಂದೆಯೇ ಬರುವ ಹಿಮ ಸಸಿಯನ್ನು ಕೊಂದುಬಿಡುತ್ತದೆ ಅಲ್ವಾ? ಅದಕ್ಕೇ ಬೀಜ ಒಂದು ಚಳಿಗಾಲ ಕಳೆಯುವವರೆಗೂ ಮಲಗಿರುತ್ತದೆ. ನಾವು ಆ ಚಳಿಗಾಲವನ್ನು ಫ್ರಿಜ್‌ನಲ್ಲಿ ಕೊಡಬಹುದು. ಬೀಜವನ್ನು ಎರಡು ದಿನ ನೆನೆಸಿ, ದಿನಾ ನೀರು ಬದಲಿಸಿ. ಆಮೇಲೆ ಒದ್ದೆ ಮರಳಿನಲ್ಲಿ ಬೆರೆಸಿ, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ 6ರಿಂದ 10 ವಾರ ಇಡಿ. ಮರಳು ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಜಾಸ್ತಿ ಒದ್ದೆಯಾದರೆ ಬೂಷ್ಟು ಬರುತ್ತದೆ. ವಾರಕ್ಕೊಮ್ಮೆ ತೆರೆದು ನೋಡಿ.

ಬಿಳಿ ಬೇರು ಇಣುಕಿದ ತಕ್ಷಣ ಅದನ್ನು ಕೆಳಮುಖ ಮಾಡಿ ಕುಂಡಕ್ಕೆ ಇಳಿಸಿ. ಕುಂಡ ಒಂದು ಅಡಿಯಾದರೂ ಆಳ ಇರಲಿ, ತಾಯಿಬೇರು ಸರ್ರನೆ ಇಳಿಯುತ್ತದೆ. ಮಣ್ಣಿಗೆ ಜಲ್ಲಿ, ಮರಳು ಬೆರೆಸಿ. ನೀರು ನಿಂತರೆ ಬೇರು ಕೊಳೆತೀತು.

ಗುಡ್ಡದಲ್ಲಿ ನೆಡುವುದು ಶರತ್ಕಾಲದಲ್ಲಿ, ಯಾಕೆಂದರೆ ಅಲ್ಲಿ ಮಳೆ ಬರುವುದು ಚಳಿಗಾಲಕ್ಕೆ. ಗುಂಡಿಯ ಕೆಳಬದಿಗೆ ಅರ್ಧಚಂದ್ರದಂತೆ ಮಣ್ಣಿನ ಏರಿ ಕಟ್ಟಿ, ಹರಿದು ಬಂದ ನೀರು ಬುಡಕ್ಕೇ ಇಂಗಲಿ. ಸುತ್ತ ಕಲ್ಲು ಜೋಡಿಸಿದರೆ ತೇವ ಉಳಿಯುತ್ತದೆ. ಎಳೆಯ ಸಸಿಗೆ ಮೇಕೆಯಿಂದ ಕಾವಲು ಬೇಕೇ ಬೇಕು.

ಮೊದಲ ಬೇಸಿಗೆಯಲ್ಲಿ ಆಗಾಗ ನೀರು ಕೊಡಿ. ಬಿರುಬಿಸಿಲಿಗೆ ಎಲೆ ಉದುರಿದರೆ ಸತ್ತೇ ಹೋಯಿತೆಂದು ಕಿತ್ತುಹಾಕಬೇಡಿ. ಉಗುರಿನಿಂದ ತೊಗಟೆ ಗೀರಿ ನೋಡಿ. ಒಳಗೆ ಹಸಿರಿದ್ದರೆ ಸಸಿಗೆ ಜೀವವಿದೆ.