ನಕ್ಷಾ ವಿಧಾನಕ್ಕೆ ಪರಸಿ ಹಾಲ್: ನನ್ನ ಅನುಭವ

ಹತ್ತನೇ ತರಗತಿಯಲ್ಲಿ ರೇಖಾತ್ಮಕ ಸಮೀಕರಣಗಳ ಜೋಡಿ ಬಂತೆಂದರೆ ನಮ್ಮ ಕಡೆ ಎಲ್ಲರದೂ ಒಂದೇ ದಾರಿ. ಎಕ್ಸ್‌ಗೆ 0, 1, 2 ಹಾಕು, ವೈ ತೆಗೆ, ಕೋಷ್ಟಕ ತುಂಬು, ಚುಕ್ಕೆ ಇಡು, ಗೆರೆ ಎಳೆ, ಎರಡು ಗೆರೆ ಕೂಡಿದಲ್ಲಿ ಉತ್ತರ. ಎಸ್ಸೆಸ್ಸೆಲ್ಸಿಯಲ್ಲಿ ನಾಲ್ಕು ಅಂಕದ ಪ್ರಶ್ನೆ. ಪಾಸಿನ ಅಂಚಿನಲ್ಲಿರುವ ಮಗುವಿಗೆ ಅದೇ ಆಸರೆ. ಹೀಗಿದ್ದೂ ರಾಯಚೂರು ಜಿಲ್ಲೆಯ ನಮ್ಮ ಶಾಲೆಯಲ್ಲಿ ಅರ್ಧದಷ್ಟು ಮಕ್ಕಳ ಗೆರೆ ಸೊಟ್ಟ. ಸ್ಲೋಪ್ (ಗೆರೆಯ ಇಳಿಜಾರು) ಹಿಡಿದು ಕಲಿಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ, "ಅದು ಪಿಯುಸಿ ಪಾಠ ರೀ ಸರ, ಇದ್ದದ್ದನ್ನೇ ಕಲೀವಲ್ರು" ಅಂದರು. ಈಗ ಮುಕ್ಕಾಲು ಪಾಲಿಗಿಂತ ಹೆಚ್ಚು ಮಕ್ಕಳು ಈ ಲೆಕ್ಕವನ್ನು ಪೂರ್ತಿ ಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ರೋಗ ಎಲ್ಲಿದೆ ಎಂದು ಹುಡುಕಲು ಹಳೆಯ ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ಕೂತೆ. 2ಎಕ್ಸ್ + 3ವೈ = 12 ಕೊಟ್ಟರೆ ಎಕ್ಸ್ = 1ಕ್ಕೆ ವೈ 10/3 ಬರುತ್ತದೆ. ಮಗು ಅದನ್ನು 3 ಅನ್ನುತ್ತದೆ, ಇಲ್ಲವೇ 3.3 ಅಂತ ಎಲ್ಲೋ ಒಂದು ಕಡೆ ಇಡುತ್ತದೆ. ಮೂರು ಚುಕ್ಕೆ ಕೂಡುವುದಿಲ್ಲ, ಸ್ಕೇಲ್ ಬಿಟ್ಟು ಕೈಯಿಂದಲೇ ಜೋಡಿಸಿಬಿಡುತ್ತದೆ. ಅಂದರೆ ಮಗು ಸೋಲುವುದು ನಕ್ಷೆಯಲ್ಲಲ್ಲ, ಭಿನ್ನರಾಶಿಯಲ್ಲಿ. ಒಮ್ಮೆ ವೈ, ಒಮ್ಮೆ ಎಕ್ಸ್ ಸೊನ್ನೆ ಮಾಡಿ ಅಕ್ಷಗಳನ್ನು ಕತ್ತರಿಸುವ ಬಿಂದು ತೆಗೆಯುವ ವಿಧಾನ ಇಲ್ಲಿ ಚಂದ: (6, 0), (0, 4), ಮುಗಿಯಿತು. ಆದರೆ 3ಎಕ್ಸ್ − ವೈ = 0 ಕೊಟ್ಟು ನೋಡಿ, ಎರಡು ಸಲವೂ ಮೂಲಬಿಂದುವೇ ಬರುತ್ತದೆ. 2ಎಕ್ಸ್ + 3ವೈ = 7 ಕೊಟ್ಟರೆ ಮತ್ತೆ ಭಿನ್ನರಾಶಿ.

ಮೊದಲು ದುಡ್ಡು ಸುರಿದದ್ದು ಸಾಮಾನಿಗೆ. ಫ್ಲೆಕ್ಸ್ ಅಂಗಡಿಯಲ್ಲಿ ದೊಡ್ಡ ಗ್ರಾಫ್ ಪ್ರಿಂಟ್ ಹಾಕಿಸಿದೆ, ಐನೂರು ಚಿಲ್ಲರೆ ಆಯಿತು. ಅದರ ಹೊಳಪಿಗೆ ಹಿಂದಿನ ಬೆಂಚಿಗೆ ಏನೂ ಕಾಣಲಿಲ್ಲ, ಬರೆದದ್ದು ಅಳಿಸಲೂ ಬರಲಿಲ್ಲ. ಆಮೇಲೆ ಪ್ಲೈವುಡ್ ತುಂಡುಗಳಿಗೆ ಮೊಳೆ ಹೊಡೆಸಿ ರಬ್ಬರ್ ಬ್ಯಾಂಡ್ ಎಳೆಯುವ ಹಲಗೆ ಮಾಡಿಸಿದೆ, ಬಡಿಗೇರನ ಕೂಲಿ ಸೇರಿ ಎರಡೂವರೆ ಸಾವಿರದ ಆಸುಪಾಸು. ನಮ್ಮೂರ ಬಿಸಿಲಿಗೆ ರಬ್ಬರ್ ಬ್ಯಾಂಡ್‌ಗಳು ಮಾರ್ಚಿನೊಳಗೇ ಪಟಪಟ ಹರಿದವು. ಮಕ್ಕಳ ಕಣ್ಣಿಗೆ ಮಿಲಿಮೀಟರ್ ಗ್ರಾಫ್ ಹಾಳೆಯ ಸಣ್ಣ ಮನೆಗಳೇ ಗೊಂದಲ ಅನ್ನಿಸಿ, ಸೆಂಟಿಮೀಟರ್ ಚೌಕದ ಹಾಳೆ ಝೆರಾಕ್ಸ್ ಮಾಡಿಸಿದೆ. ಅದೊಂದು ಮಾತ್ರ ಉಳಿಯಿತು, ಇಂದಿಗೂ ಕಲಿಕೆಗೆ ಅದನ್ನೇ ಕೊಡುತ್ತೇನೆ.

ಕಡೆಗೆ ಕೆಲಸ ಮಾಡಿದ್ದು ಖರ್ಚಿಲ್ಲದ್ದು. ನಮ್ಮ ಶಾಲೆಯ ಹಾಲ್‌ಗೆ ಶಹಾಬಾದ್ ಪರಸಿ (ಹಾಸುಗಲ್ಲು) ಹಾಸಿದ್ದಾರೆ, ಒಂದೊಂದೂ ಸುಮಾರು ಎರಡಡಿ ಚೌಕ. ಸುಣ್ಣದಲ್ಲಿ ಎರಡು ಅಕ್ಷ ಎಳೆದರೆ ನೆಲವೇ ಗ್ರಾಫ್. ಎರಡು ಸಂಗತಿ ನೋಡಿಕೊಳ್ಳಿ. ಉದ್ದಕ್ಕೂ ಅಡ್ಡಕ್ಕೂ ಸಂದು ನೇರ ಕೂಡಿರಬೇಕು. ಇಟ್ಟಿಗೆ ಕಟ್ಟಿದ ಹಾಗೆ ಒಂದು ಸಾಲು ಬಿಟ್ಟು ಒಂದು ಸಾಲು ಸರಿಸಿ ಹಾಸಿದ್ದರೆ ಪ್ರಯೋಜನವಿಲ್ಲ. ಇನ್ನೊಂದು, ಮಕ್ಕಳು ಚೌಕಾಬಾರದ ಅಭ್ಯಾಸಕ್ಕೆ ಪರಸಿಯ ನಡುವೆ ನಿಲ್ಲುತ್ತಾರೆ. ನಾಲ್ಕು ಪರಸಿ ಕೂಡುವ ಮೂಲೆಯ ಮೇಲೇ ಹೆಬ್ಬೆರಳು ಇರಬೇಕು. ಇದನ್ನು ಕೂಡಿಸಲು ಒಂದು ಇಡೀ ಪೀರಿಯಡ್ ಹೋಗುತ್ತದೆ, ಹೋಗಲಿ.

ಸ್ಲೋಪಿನ ಹೆಜ್ಜೆ ಹೀಗೆ. 2ಎಕ್ಸ್ + 3ವೈ = 7ರಲ್ಲಿ ವೈ ಬೇರೆ ಮಾಡುವ ಗೋಜೇ ಬೇಡ. ಪೂರ್ಣಾಂಕದ ಒಂದೇ ಒಂದು ಬಿಂದು ಹುಡುಕು: (2, 1). ಅಲ್ಲಿ ನಿಲ್ಲು. ವೈ ಪಕ್ಕದ 3 ಬಲಕ್ಕೆ, ಎಕ್ಸ್ ಪಕ್ಕದ 2 ಕೆಳಕ್ಕೆ. (5, −1) ಸಿಕ್ಕಿತು. ತಿರುಗಿ ಬಂದು ಎಡಕ್ಕೆ 3, ಮೇಲಕ್ಕೆ 2 ನಡೆದರೆ (−1, 3). ಮೂವರು ಮಕ್ಕಳು ನಿಂತರು, ಗೌಂಡಿ ದಾರ ಹಿಡಿದರು, ಗೆರೆ ನೇರ. 4ಎಕ್ಸ್ + 6ವೈ = 20 ಕೊಟ್ಟರೆ ಬಲಕ್ಕೆ 6, ಕೆಳಕ್ಕೆ 4, ಮೊದಲಿನದರ ಎರಡರಷ್ಟು. "ಸರ, ಇದೂ ಅದೇ ನಡಿಗೀ ಐತ್ರಿ, ಎಂದೂ ಕೂಡಂಗಿಲ್ಲ" ಎಂದು ಒಬ್ಬ ಹುಡುಗಿ ಹೇಳಿದ ದಿನ ಸಮಾಂತರ ರೇಖೆಯ ಅನುಪಾತದ ಸೂತ್ರ ಬಾಯಿಪಾಠ ಮಾಡಿಸುವುದು ನಿಂತಿತು.

2ಎಕ್ಸ್ − ವೈ = 4ರಂಥ ಋಣ ಚಿಹ್ನೆ ಬಂದಾಗ ಮೇಲಕ್ಕೋ ಕೆಳಕ್ಕೋ ಎಂದು ತಡವರಿಸುತ್ತಾರೆ. ಅದಕ್ಕೆ ನನ್ನ ಹತ್ತಿರ ಕೈಸನ್ನೆಯ ಒಂದು ಉಪಾಯ ಇದೆ, ಎಷ್ಟೋ ವರ್ಷ ತಿದ್ದಿ ತೀಡಿದ್ದು. ಬರೆದರೆ ಕೆಡುತ್ತದೆ. ಬೇಕಾದವರು ಕ್ಲಾಸಿಗೆ ಬಂದು ಕೂತು ನೋಡಲಿ.

ಹಾಗಂತ ಉಳಿದೆರಡು ವಿಧಾನ ಬಿಟ್ಟಿಲ್ಲ. ಸಮೀಕರಣ ನೋಡಿದ ಕೂಡಲೇ ಯಾವುದು ಅನ್ನುವುದನ್ನು ಮಗುವೇ ಹೇಳಬೇಕು: ಎಕ್ಸ್ + ವೈ = 5ರಂಥದ್ದಕ್ಕೆ ಕೋಷ್ಟಕ, ಅಂಥದ್ದಲ್ಲದೆ ಬಲಗಡೆ ಸೊನ್ನೆಯಲ್ಲದ ಸಂಖ್ಯೆ ಇದ್ದು ಅದು ಎರಡೂ ಸಹಗುಣಕಗಳಿಂದ ಭಾಗವಾದರೆ ಅಕ್ಷದ ಬಿಂದು, ಉಳಿದದ್ದಕ್ಕೆ ಹೆಜ್ಜೆ. ಗೆರೆ ಎಳೆಯುವ ಮೊದಲು ಐದು ನಿಮಿಷ ಇದನ್ನೇ ಕೇಳುತ್ತೇನೆ.

ನಡುವೆ ಒಂದು ಅಡ್ಡ ಪ್ರಯೋಗ. ಹೆಚ್ಚಿನ ಮಕ್ಕಳದು ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಭತ್ತದ ಹೊಲ. ಒಬ್ಬ ಟ್ರ್ಯಾಕ್ಟರಿನವ ಬರೋ ಖರ್ಚು 600, ತಾಸಿಗೆ 1000 ಅಂತಾನೆ, ಇನ್ನೊಬ್ಬ ಬರೀ ತಾಸಿಗೆ 1200, ಯಾರನ್ನು ಕರೀಬೇಕು ಎಂದು ಕೇಳಿದೆ. ಗೆರೆಗಳು 3 ತಾಸಿಗೆ, 3600ರ ಹತ್ತಿರ ಕೂಡಿದವು. "ಮೂರು ತಾಸಿನ ಮ್ಯಾಲ ಹೋದ್ರ ಮೊದಲ್ನೇದು ಸೋವಿ" ಅಂದರು. ವೈ ಅಕ್ಷಕ್ಕೆ ಬೇರೆ ಪ್ರಮಾಣ ಯಾಕೆ ಬೇಕು ಎಂಬುದು ಅವತ್ತು ತಾನಾಗಿ ತಿಳಿಯಿತು. ಗ್ರಾಫ್ ಎಳೆಯುವ ಜಿಯೋಜಿಬ್ರಾ ಆ್ಯಪ್ ಕೂಡ ಮೊಬೈಲಿನಲ್ಲಿ ತೋರಿಸಿದೆ. ಆದರೆ ಅದು ತಾನೇ ಗೆರೆ ಎಳೆದುಕೊಡುವುದರಿಂದ ಕೈಗೆ ಏನೂ ಹತ್ತಲಿಲ್ಲ. ಈಗ ಉತ್ತರ ತಾಳೆ ನೋಡಲು ಮಾತ್ರ ಬಳಸುತ್ತೇನೆ.

ಹತ್ತಿ ಬಿಡಿಸುವ ಕಾಲಕ್ಕೆ ಕೆಲವು ಮಕ್ಕಳು ವಾರಗಟ್ಟಲೆ ಬರುವುದಿಲ್ಲ. ಕೋಷ್ಟಕ ಮಾತ್ರ ಕಲಿಸುತ್ತಿದ್ದಾಗ ಅವರು ಈ ಪಾಠವನ್ನು ಕೈಬಿಟ್ಟೇ ಬಿಡುತ್ತಿದ್ದರು. ಈಗ ಜೊತೆಯ ಮಕ್ಕಳೇ ಮಧ್ಯಾಹ್ನದ ಊಟವಾದ ಮೇಲೆ ಹಾಲಿಗೆ ಕರೆದೊಯ್ದು ನಡೆಸುತ್ತಾರೆ, ಎರಡು ಮೂರು ದಿನಕ್ಕೆ ಹಾದಿಗೆ ಬರುತ್ತಾರೆ. ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಇದು.

ಎಲ್ಲರೂ ಕೇಳುವ ಪ್ರಶ್ನೆ: ಕೋಷ್ಟಕಕ್ಕೂ ಅಂಕ ಇದೆಯಲ್ಲ? ಇದೆ. ಅದಕ್ಕೇ ಮಕ್ಕಳು ಹೆಜ್ಜೆಯಿಂದ ಸಿಕ್ಕ ಮೂರು ಬಿಂದುಗಳನ್ನು ಕೋಷ್ಟಕಕ್ಕೆ ತುಂಬಿ, ಪ್ರತಿಯೊಂದನ್ನೂ ಸಮೀಕರಣಕ್ಕೆ ಹಾಕಿ ತಾಳೆ ನೋಡಿ, ಆಮೇಲೆ ಗ್ರಾಫ್ ಹಾಳೆ ಮುಟ್ಟುತ್ತಾರೆ. ಪ್ರಮಾಣ ಬರೆಯುವುದು, ಎರಡೂ ಗೆರೆಗೆ ಸಮೀಕರಣದ ಹೆಸರು ಹಾಕುವುದು, ಛೇದಿಸುವ ಬಿಂದು ಎದ್ದು ಕಾಣುವಂತೆ ಬರೆಯುವುದು ಮಾತ್ರ ಮೊದಲಿನ ಹಾಗೇ.