ಹೊಸ ಸ್ಟಾರ್ಟಿಂಗ್ ಪಿಚರ್ ಒಬ್ಬನ ಬೆನ್ನು ಹತ್ತೋದು ಹೆಂಗೆ: ದಾವಣಗೆರೆ ಕ್ರಿಕೆಟ್ ಮಂದಿಗೆ

ಬೇಸ್‌ಬಾಲ್ ನೋಡಕ್ಕೆ ಎಲ್ಲಿಂದ ಶುರು ಮಾಡ್ಲಿ ಅಂತ ಕೇಳೋರಿಗೆ ನಾನು ಹೇಳೋದು ಒಂದೇ, ಟೀಮ್ ಹಿಡಿಬೇಡ್ರಿ, ಈಗಷ್ಟೇ ಮೇಲೆ, ಅಂದ್ರೆ ಎಂಎಲ್‌ಬಿಗೆ (ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿಗೆ), ಬಂದಿರೋ ಒಬ್ಬ ಸ್ಟಾರ್ಟಿಂಗ್ ಪಿಚರ್‌ನ ಹಿಡೀರಿ, ಪಿಚರ್ ಅಂದ್ರೆ ನಮ್ಮ ಬೌಲರ್ ಇದ್ದಂಗೆ. ಒಂದು ಟೀಮು ಸೀಸನ್ನಿಗೆ 162 ಮ್ಯಾಚ್ ಆಡ್ತತಿ, ಅಷ್ಟು ನೋಡಕ್ಕೆ ಯಾರಿಗ್ರೀ ಪುರ್ಸೊತ್ತು. ಸ್ಟಾರ್ಟರ್ ಅಂದ್ರೆ ಮ್ಯಾಚಿನ ಮೊದಲ ಬಾಲಿಂದ ಎಸೆಯೋನು, ಒಂದ್ಸಲ ಎಸೆದ್ರೆ ನಾಲ್ಕೈದು ದಿನ ರೆಸ್ಟು, ಇಂಥವರು ಸಾಮಾನ್ಯವಾಗಿ ಐದು ಜನ ಪಾಳಿ ಮೇಲೆ ಬರ್ತಾರೆ, ಹಂಗಾಗಿ ನಿಮಗೆ ಹೆಚ್ಚುಕಮ್ಮಿ ವಾರಕ್ಕೊಂದು ಮ್ಯಾಚು, ಅದ್ರಲ್ಲೂ ಅವನು ಇರೋ ಐದಾರು ಇನ್ನಿಂಗ್ಸ್ ನೋಡಿದ್ರೆ ಮುಗೀತು (ಇಲ್ಲಿ ಮೂರು ಔಟಿಗೆ ಒಂದು ಇನ್ನಿಂಗ್ಸ್, ಮ್ಯಾಚಿಗೆ ಒಂಬತ್ತು).

ಟೈಮಿನ ಲೆಕ್ಕ ಮೊದ್ಲು ಮಾಡ್ಕೊಳ್ರಿ. ಸೀಸನ್ ಟೈಮಲ್ಲಿ ನ್ಯೂಯಾರ್ಕ್, ಪಿಟ್ಸ್‌ಬರ್ಗ್ ಕಡೆ ಸಂಜೆ ಏಳರ ಮ್ಯಾಚು ನಮಗೆ ಬೆಳಗಿನ ಜಾವ 4:30, ಲಾಸ್ ಏಂಜಲೀಸ್, ಸಿಯಾಟಲ್ ಕಡೇದು 7:30. ನಿದ್ದೆ ಮುಖ್ಯ ಅನ್ನೋರು ಆ ಕಡೆ ಟೀಮಿನ ಹುಡುಗನ್ನೇ ಹಿಡೀರಿ, ಬೆಣ್ಣೆ ದೋಸೆ ಮುಂದಿಟ್ಕೊಂಡು ನೋಡ್ಬೋದು. ಎಂಎಲ್‌ಬಿ ಆ್ಯಪಲ್ಲಿ ಪ್ರಾಬಬಲ್ ಪಿಚರ್ಸ್ ಅಂತ ಇರ್ತತಿ, ಮುಂದಿನ ದಿನಗಳಲ್ಲಿ ಯಾರ ಪಾಳಿ ಅಂತ ಅಲ್ಲಿ ಗೊತ್ತಾಗ್ತತಿ, ಆದ್ರೆ ಅಲ್ಲಿ ಮಂಗಳವಾರ ಸಂಜೆ ಅಂದ್ರೆ ನಮಗೆ ಬುಧವಾರ ಬೆಳಗ್ಗೆ, ಅದು ತಲೇಲಿರ್ಲಿ.

ಇನ್ನು ಸ್ಕೋರ್‌ಕಾರ್ಡ್. ಪಿಚರ್ ಹೆಸರಿನ ಮುಂದೆ ಐಪಿ (ಎಸೆದ ಇನ್ನಿಂಗ್ಸ್) 5.2 ಅಂತಿದ್ರೆ ಅದು ದಶಮಾಂಶ ಅಲ್ಲ, ಐದು ಇನ್ನಿಂಗ್ಸ್ ಜೊತೆಗೆ ಇನ್ನೆರಡು ಔಟ್, ನಮ್ಮ 5.2 ಓವರ್ ಇದ್ದಂಗೇ. ಇಆರ್‌ಎ ಅಂದ್ರೆ ಅವನ ಲೆಕ್ಕಕ್ಕೆ ಬಿದ್ದ ರನ್ನನ್ನ ಒಂಬತ್ತರಿಂದ ಗುಣಿಸಿ ಇನ್ನಿಂಗ್ಸಿಂದ ಭಾಗಿಸೋದು, 5.2 ಇನ್ನಿಂಗ್ಸಲ್ಲಿ (ಲೆಕ್ಕಕ್ಕೆ ಐದು ಪೂರ್ತಿ, ಮೂರರಲ್ಲಿ ಎರಡು ಭಾಗ) 3 ರನ್ ಕೊಟ್ಟಿದ್ರೆ 4.76 ಬರ್ತತಿ. ಕಮ್ಮಿ ಇದ್ದಷ್ಟೂ ಒಳ್ಳೇದು. ಮೊದಲ ವರ್ಷದ ಹುಡುಗ ಒಂದು ದಿನ ಎರಡು ಇನ್ನಿಂಗ್ಸಲ್ಲಿ ಏಳು ರನ್ ಹೊಡೆಸ್ಕೊಂಡ ಅಂದ್ರೆ ಆ ಇಆರ್‌ಎ ತಿಂಗಳುಗಟ್ಲೆ ಕೆಟ್ಟದಾಗೇ ಕಾಣ್ತತಿ, ಅದನ್ನ ನೋಡಿ ಕೈ ಬಿಡಬೇಡ್ರಿ. ಗೆಲುವು-ಸೋಲಿನ ಕಾಲಂ ಅಂತೂ ನೋಡ್ಲೇಬೇಡ್ರಿ. ಪಿಟ್ಸ್‌ಬರ್ಗ್ ಪಿಚರ್ ಪಾಲ್ ಸ್ಕೀನ್ಸ್ 2025ರಲ್ಲಿ ಹತ್ತು ಗೆದ್ದು ಹತ್ತು ಸೋತ, ಅವನ ಇಆರ್‌ಎ ಎಷ್ಟು ಗೊತ್ತಾ, 1.97, ಲೀಗಿನ ಬೆಸ್ಟ್ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿನೂ ಆ ವರ್ಷ ಅವನಿಗೇ. ಅವನ ಟೀಮ್‌ನೋರು ರನ್ ಹೊಡೀದಿದ್ರೆ ಅವನೇನು ಮಾಡ್ತಾನೆ.

ಮತ್ತೆ ಏನ್ ನೋಡ್ಬೇಕು ಅಂದ್ರೆ ಕೆ ಮತ್ತು ಬಿಬಿ. ಕೆ ಅಂದ್ರೆ ಸ್ಟ್ರೈಕೌಟ್, ಮೂರು ಸ್ಟ್ರೈಕಿಗೆ ಬ್ಯಾಟರ್‌ನ ಔಟ್ ಮಾಡೋದು, ಬಿಬಿ ಅಂದ್ರೆ ನಾಲ್ಕು ಬಾಲು ಆಚೆ ಎಸೆದು ಬ್ಯಾಟರ್‌ಗೆ ಪುಕ್ಕಟೆ ಬೇಸ್ ಕೊಡೋದು. ಇವೆರಡಕ್ಕೂ ಫೀಲ್ಡರ್‌ಗೂ ಸಂಬಂಧ ಇಲ್ಲ, ಕ್ಯಾಚ್ ಬಿಟ್ರು ಅಂತ ನೆಪ ಹೇಳಂಗಿಲ್ಲ, ಹಂಗಾಗಿ ಹುಡುಗನ ಕೈಯಾಗೆ ನಿಜವಾಗ್ಲೂ ಏನೈತಿ ಅಂತ ಇಲ್ಲೇ ಗೊತ್ತಾಗೋದು. ಬಿಬಿಗಿಂತ ಕೆ ಮೂರು ಪಟ್ಟು ಇದ್ರೆ ಬೇರೆ ಏನೇ ಕೆಟ್ಟದಾಗಿದ್ರೂ ಅವನ ಜೊತೆ ಇರ್ರಿ, ಎರಡೂ ಸಮ ಸಮ ಇದ್ರೆ ಇಆರ್‌ಎ ಚೆಂದ ಕಂಡ್ರೂ ನಾನು ನಂಬಲ್ಲ.

ಇದಕ್ಕೆ ರಾಯ್ ಹ್ಯಾಲಡೇ ಕತೆ ಕೇಳ್ರಿ. ಟೊರಾಂಟೋದವರು 1995ರ ಡ್ರಾಫ್ಟಲ್ಲಿ (ಟೀಮುಗಳು ಪಾಳಿ ಮೇಲೆ ಹೊಸ ಹುಡುಗರನ್ನ ಆರಿಸ್ಕೊಳೋದು) ಮೊದಲ ರೌಂಡಿಗೇ ತಗಂಡ ಹುಡುಗ. 1998ರ ಸೆಪ್ಟೆಂಬರಲ್ಲಿ ಮೇಲೆ ಬಂದ, ಎರಡನೇ ಮ್ಯಾಚಲ್ಲೇ ಡೆಟ್ರಾಯಿಟ್ ಮೇಲೆ ಒಂಬತ್ತನೇ ಇನ್ನಿಂಗ್ಸಲ್ಲಿ ಎರಡು ಔಟ್ ಆಗೋವರೆಗೂ ಒಂದೂ ಹಿಟ್ (ಬ್ಯಾಟರ್ ಬಾಲ್ ಹೊಡೆದು ಬೇಸ್ ಸೇರೋದು) ಕೊಟ್ಟಿರ್ಲಿಲ್ಲ, ಆಮೇಲೆ ಬಾಬಿ ಹಿಗಿನ್ಸನ್ ಬಂದು ಹೋಮ್ ರನ್ ಹೊಡೆದ. ಎಲ್ರೂ ಮುಂದಿನ ದೊಡ್ಡ ಸ್ಟಾರ್ ಅಂದ್ಕೊಂಡ್ರು. 2000ನೇ ಇಸವಿಲಿ ಇಆರ್‌ಎ 10.64! 67.2 ಇನ್ನಿಂಗ್ಸಲ್ಲಿ 42 ಬಿಬಿ, 44 ಕೆ, ಸಮ ಸಮ ಅಂದ್ನಲ್ಲ ಅದೇ. 2001ರಲ್ಲಿ ಅವನನ್ನ ಸೀದಾ ಫ್ಲೋರಿಡಾದ ಡನೀಡಿನ್‌ಗೆ, ಎಷ್ಟೋ ಮೆಟ್ಟಿಲು ಕೆಳಗಿನ ಎ ಲೆವೆಲ್ ಟೀಮಿಗೆ ಇಳಿಸಿದ್ರು, ಮೆಲ್ ಕ್ವೀನ್ ಅನ್ನೋ ಕೋಚ್ ತಲೆ ಮೇಲಿಂದ ಬರ್ತಿದ್ದ ಕೈಯನ್ನ ಕೆಳಗೆ ಓರೆಯಾಗಿ ತರಿಸಿ ಆ್ಯಕ್ಷನ್ನೇ ಬೇರೆ ಮಾಡಿದ, ಬಾಲು ನೆಟ್ಟಗೆ ಹೋಗೋದು ಬಿಟ್ಟು ಆಡಕ್ಕೆ ಶುರು ಆತು. 2003ರಲ್ಲಿ 266 ಇನ್ನಿಂಗ್ಸಿಗೆ 32 ಬಿಬಿ, 204 ಕೆ, ಸೈ ಯಂಗ್. 2010ರಲ್ಲಿ ಪರ್ಫೆಕ್ಟ್ ಗೇಮ್ (ಇಡೀ ಮ್ಯಾಚಲ್ಲಿ ಒಬ್ಬ ಬ್ಯಾಟರೂ ಬೇಸ್ ಸೇರದಂಗೆ ಎಸೆಯೋದು), ಅದೇ ವರ್ಷ ಪ್ಲೇಆಫಲ್ಲಿ ನೋ-ಹಿಟ್ಟರ್ (ಒಂದೂ ಹಿಟ್ ಕೊಡದ ಮ್ಯಾಚು), ಇನ್ನೊಂದು ಸೈ ಯಂಗ್.

ನಮ್ಮೂರಿನ ವಿನಯ್ ಕುಮಾರ್‌ಗೆ, ಅದೇ ದಾವಣಗೆರೆ ಎಕ್ಸ್‌ಪ್ರೆಸ್‌ಗೆ, 2012ರಲ್ಲಿ ಪರ್ತಲ್ಲಿ ಒಂದೇ ಒಂದು ಟೆಸ್ಟ್ ಸಿಕ್ತು, ಅಲ್ಲಿಗೆ ಮುಗೀತು, ಆಮೇಲೆ ಕ್ಯಾಪ್ಟನ್ ಆಗಿ ಕರ್ನಾಟಕಕ್ಕೆ 2013-14, 2014-15 ಎರಡು ಸಲ ರಣಜಿ ಗೆಲ್ಲಿಸಿದ್ರೂ ಇನ್ನೊಂದು ಟೆಸ್ಟಿಗೆ ಕರೀಲಿಲ್ಲ. ಬೇಸ್‌ಬಾಲಲ್ಲಿ ಇಳಿಸೋದು ವಾಪಸ್ ಕರೆಯೋದು ದಿನನಿತ್ಯದ ವ್ಯವಹಾರ. ಆಪ್ಷನ್ ಅಂತಾರೆ, ಹೊಸಬನಿಗೆ ಸಾಮಾನ್ಯವಾಗಿ ಮೂರು ಸೀಸನ್ ಆ ಆಪ್ಷನ್ ಇರ್ತತಿ, ಪಿಚರ್‌ನ ಕೆಳಗೆ ಕಳಿಸಿದ್ರೆ ಟೀಮಲ್ಲಿ ಯಾರಿಗಾದ್ರೂ ಗಾಯ ಆಗಿ ಬೇಕಾದ್ರೆ ಬಿಟ್ಟು ಕನಿಷ್ಠ 15 ದಿನ ಅಲ್ಲೇ ಇರ್ಬೇಕು. ನಿಮ್ಮ ಹುಡುಗ ಮಾಯ ಆದ ಅಂದ್ರೆ ಎಂಎಲ್‌ಬಿಗಿಂತ ಒಂದು ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಸ್ಕೋರ್‌ಕಾರ್ಡ್ ತೆಗೀರಿ, ಅಲ್ಲಿರ್ತಾನೆ. ಅದರ ಕೆಳಗೆ ಡಬಲ್-ಎ, ಹೈ-ಎ, ಸಿಂಗಲ್-ಎ, ಎಲ್ಲಕ್ಕಿಂತ ಕೆಳಗೆ ರೂಕಿ ಲೀಗ್. 2008ರಲ್ಲಿ ಪಿಟ್ಸ್‌ಬರ್ಗ್‌ನವರು ನಮ್ಮ ದೇಶದ ಇಬ್ಬರು ಜಾವೆಲಿನ್ ಹುಡುಗರಿಗೆ, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್‌ಗೆ, ಸಹಿ ಹಾಕಿಸ್ಕೊಂಡ್ರಲ್ಲ (ಐಪಿಎಲ್ ರಿಂಕು ಅಲ್ಲಪ್ಪ, ಅವನು ಬೇರೆ), ಅವರೂ ಶುರು ಮಾಡಿದ್ದು ಆ ಕೆಳಗಿನ ಮೆಟ್ಟಿಲಿಂದಾನೇ, ಮೇಲಿನ ತನಕ ಬರಕ್ಕಾಗ್ಲಿಲ್ಲ.

ಚೆನ್ನಾಗಿ ಎಸೀತಿರೋನ ಯಾಕೆ ತೆಗೆದ್ರು ಅಂತ ಸಿಟ್ಟು ಬರ್ತತಿ, ಬರ್ಲೇಬೇಕು. ಸ್ಕೀನ್ಸ್ 2024ರ ಮೇ ತಿಂಗಳಲ್ಲಿ ತನ್ನ ಎರಡನೇ ಮ್ಯಾಚಲ್ಲಿ ಆರು ಇನ್ನಿಂಗ್ಸ್ ಒಂದೂ ಹಿಟ್ ಕೊಡ್ದೆ 11 ಸ್ಟ್ರೈಕೌಟ್ ಮಾಡಿದ್ದ, 100 ಬಾಲು ಆತು ಅಂತ ಕೂರಿಸಿದ್ರು. ಮೊಣಕೈ ಒಳಗಿನ ಲಿಗಮೆಂಟ್ ಹರಿದ್ರೆ ಬೇರೆ ಕಡೆಯಿಂದ ಟೆಂಡನ್ (ಸ್ನಾಯುರಜ್ಜು) ತಂದು ಕಟ್ಟೋ ಆಪರೇಷನ್ ಐತಿ, 1974ರಲ್ಲಿ ಟಾಮಿ ಜಾನ್ ಅನ್ನೋ ಪಿಚರ್‌ಗೆ ಮೊದ್ಲು ಮಾಡಿದ್ದು, ಆ ಹೆಸರೇ ಉಳ್ಕಂಡೈತಿ, ಅದಾದ್ಮೇಲೆ ವರ್ಷದ ಮೇಲೆ ಆಟ ಇಲ್ಲ. ಅದಕ್ಕೆ ಹುಡುಗರ ಬಾಲು ಎಣಿಸೋದು. ನೀವೂ ಎಣಿಸ್ರಿ, ಜೊತೆಗೆ ಸ್ಪೀಡ್ ನೋಡ್ರಿ, ಎರಡು ಮೂರು ಮ್ಯಾಚ್ ಸತತವಾಗಿ ಫಾಸ್ಟ್‌ಬಾಲ್ ಸ್ಪೀಡ್ ಇಳೀತಿದ್ರೆ ಕೈಯಲ್ಲಿ ಏನೋ ಐತಿ ಅನ್ನೋ ಅನುಮಾನ ಇಟ್ಕೊಳ್ರಿ.

ನವೆಂಬರಿಂದ ಫೆಬ್ರವರಿ ಮಧ್ಯದವರೆಗೂ ಮ್ಯಾಚ್ ಇರಲ್ಲ, ರಣಜಿ ನೋಡ್ಕೊಂಡಿರ್ರಿ. ಆಮೇಲೆ ಫ್ಲೋರಿಡಾ, ಅರಿಜೋನಾದಲ್ಲಿ ಸ್ಪ್ರಿಂಗ್ ಟ್ರೈನಿಂಗ್ ಶುರು ಆಗ್ತತಿ, ಅಲ್ಲಿ ರನ್ ಎಷ್ಟು ಕೊಟ್ಟ ಅನ್ನೋದು ಲೆಕ್ಕಕ್ಕಿಲ್ಲ, ಹೊಸ ಬಾಲ್ ಏನಾದ್ರೂ ಕಲ್ತಿದಾನಾ ಅಂತ ಅಷ್ಟೇ ನೋಡ್ರಿ, ಫಾಸ್ಟ್‌ಬಾಲ್ ಜೊತೆ ಒಂದು ಸ್ಲೈಡರ್ (ಪಕ್ಕಕ್ಕೆ ಜಾರೋ ಬಾಲು) ಇದ್ದೋನು ಒಂದು ಚೇಂಜಪ್ (ಫಾಸ್ಟ್‌ಬಾಲ್ ತರ ಕಂಡು ನಿಧಾನ ಬರೋ ಬಾಲು) ಕಲ್ತು ಬಂದಿದ್ರೆ ಆ ಸೀಸನ್ ಮಿಸ್ ಮಾಡ್ಕೋಬೇಡ್ರಿ.