‘ಬಿಟ್ಟ ಕಾರಣ’ ಎಂಬ ಕಾಲಂ

ಬೀಗ ಬಿದ್ದ ಏಕೋಪಾಧ್ಯಾಯ ಶಾಲೆಯ ಚರಿತ್ರೆ ಬರೆಯುತ್ತೇನೆ ಅಂದಾಗ ನಮ್ಮ ಸಾಗರ ಸೀಮೆಯ ಗೆಳೆಯರೇ ನಕ್ಕಿದ್ದರು. ಒಂದು ಕೋಣೆ, ಒಬ್ಬರು ಮೇಷ್ಟ್ರು, ಅದಕ್ಕೇನು ಚರಿತ್ರೆ ಅಂತ. ಈಗ ನಲವತ್ತು ಪುಟ ಆಗಿದೆ, ಅವರೇ ಜೆರಾಕ್ಸ್ ಕೇಳುತ್ತಿದ್ದಾರೆ.

ಮೊದಲ ಆರು ತಿಂಗಳು ದಂಡ. ಹಿರಿಯರನ್ನು ಕೂರಿಸಿ ರೆಕಾರ್ಡ್ ಮಾಡಿದೆ. ಎಲ್ಲರೂ ಮೇಷ್ಟ್ರ ಬೆತ್ತದ ಕಥೆಯನ್ನೇ ಹೇಳಿದರು, ಇಸವಿ ಒಬ್ಬರಿಗೂ ನೆನಪಿಲ್ಲ. ಬೈಕಿನ ಪೆಟ್ರೋಲಿಗೇ ಎರಡು ಸಾವಿರದ ಮೇಲೆ ಹೋಯಿತು. ಆಮೇಲೆ ಹೊಳೆದದ್ದು, ಮಕ್ಕಳು ಸೇರಿದ್ದು ಬಿಟ್ಟದ್ದು ಬರೆದಿಡುವ ದಾಖಲಾತಿ ವಹಿ. ನಮ್ಮ ಶಾಲೆ ಮುಚ್ಚಿ ವಿಲೀನವಾದಾಗ ಅದು ನಾಲ್ಕು ಕಿಲೋಮೀಟರ್ ಆಚೆಯ ದೊಡ್ಡ ಶಾಲೆಗೆ ಹೋಗಿ, ಬಿಸಿಯೂಟದ ಅಕ್ಕಿ ಮೂಟೆ ಪಕ್ಕದ ಬೀರು ಸೇರಿತ್ತು. ಅಂಚು ಗೆದ್ದಲಿನ ಪಾಲು. ವಹಿ ಹೊರಗೆ ಕೊಡುವುದಿಲ್ಲ, ಗೊತ್ತೇ ಇದೆ. ಅಲ್ಲೇ ಕೂತು ಓದಲು ಹೇಗೆ ಒಪ್ಪಿಸಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಹುಟ್ಟಿದ ದಿನಾಂಕವನ್ನು ನಂಬಬೇಡಿ. ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ! ನಾಲ್ಕು ದಿನ ಅದನ್ನೇ ಲೆಕ್ಕ ಹಾಕಿ ಮೋಸ ಹೋದೆ. ಅಸಲು ವಿಷಯ ಇರುವುದು ಕೊನೆಯ ಕಾಲಂನಲ್ಲಿ, ಶಾಲೆ ಬಿಟ್ಟ ಕಾರಣ. 1960ರ ಆಸುಪಾಸಿನ ಒಂದೇ ಪುಟದಲ್ಲಿ ಏಳೆಂಟು ಹೆಸರಿನ ಮುಂದೆ ‘ಮುಳುಗಡೆ’. ಈ ಕಡೆಯ ಊರುಗಳನ್ನು ಮುಳುಗಿಸಿದ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ, ಸಂಸಾರಗಳು ಅದಕ್ಕೂ ಮೊದಲೇ ಗಂಟು ಕಟ್ಟಿದ್ದವು. ಒಬ್ಬ ಹುಡುಗಿಯ ಮುಂದೆ ‘ತಮ್ಮನನ್ನು ನೋಡಿಕೊಳ್ಳಲು’. ಆಮೇಲೆ ಸುಮಾರು ಪುಟ ‘ದನ ಕಾಯಲು’. 2000 ದಾಟಿದ ಮೇಲೆ ಬರೀ ‘ಟಿ.ಸಿ., ಕಾನ್ವೆಂಟ್’.

ಮೇಲಿನ ಆದೇಶದಿಂದ ಶಾಲೆ ಮುಚ್ಚಿತು ಅಂತ ಎಲ್ಲರೂ ಬೈಯುತ್ತಾರೆ ಅಲ್ವಾ? ವಹಿ ನೋಡಿದರೆ, ಕಾನ್ವೆಂಟಿನ ಹಳದಿ ವ್ಯಾನು ಊರೊಳಗೆ ಬಂದಾಗಲೇ ಅರ್ಧ ಮುಚ್ಚಿತ್ತು. ಆದರೆ ಪೂರ್ತಿ ಅಪ್ಪ ಅಮ್ಮಂದಿರದೇ ತಪ್ಪು ಅನ್ನಲಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ ಅರವತ್ತು ಮಕ್ಕಳವರೆಗಿನ ಶಾಲೆಗೂ ಇಬ್ಬರು ಶಿಕ್ಷಕರು ಬೇಕು. ಇಲ್ಲಿ ಕೊನೆವರೆಗೂ ಒಬ್ಬರೇ. ಅವರು ಮೀಟಿಂಗಿಗೆ ಹೋದ ದಿನ ಪಾಠ ಇಲ್ಲ.

ಮಾಸಿದ ಶಾಯಿಗೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಖೋಟಾ ನೋಟು ನೋಡುವ ನೇರಳೆ ಟಾರ್ಚು, ನೂರೈವತ್ತು ರೂಪಾಯಿ ಇರಬೇಕು. ಕಂಬಳಿ ಹೊದ್ದು ಅದರೊಳಗೆ ಬೆಳಕು ಬಿಟ್ಟರೆ ಹಳೇ ಕಪ್ಪು ಶಾಯಿ ಚೆನ್ನಾಗಿ ಎದ್ದು ಕಂಡಿತು. ನೀಲಿ ಶಾಯಿಗೆ ಏನೂ ಆಗಲಿಲ್ಲ. ಬಿಸಿಯೂಟದ ಅಕ್ಕ ಮಾತ್ರ, ಕಂಬಳಿ ನೋಡಿ ನನಗೆ ಚಳಿಜ್ವರ ಅಂದುಕೊಂಡು ಕಷಾಯ ತಂದುಕೊಟ್ಟರು.

ಒಟ್ಟು ಖರ್ಚು ಆರು ಸಾವಿರದ ಹತ್ತಿರ. ಬೇಸಿಗೆಗೆ ಪಕ್ಕದ ಊರಿನ ವಹಿ ಹಿಡಿಯಬೇಕು. ಅದು ಮಳೆಗೆ ನೆನೆದು ಪುಟಗಳೆಲ್ಲ ಅಂಟಿಕೊಂಡಿವೆಯಂತೆ. ಬಿಡಿಸಿ ಗೊತ್ತಿರುವವರು ಹೇಳಿ.